ಕತ್ತರಿ ಅಕ್ಕನ ಟೆರೇಸಿನ ಮಾಸಲು ಗುಲಾಬಿ

ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ, ಮನೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಕತ್ತರಿ ಅಕ್ಕ. ಬಟ್ಟೆ ಕತ್ತರಿಸುತ್ತಾಳೆ ಅಂತ ಇಟ್ಟದ್ದೋ, ಎದುರಿನವರ ಮಾತು ಅರ್ಧಕ್ಕೇ ಕತ್ತರಿಸುತ್ತಾಳೆ ಅಂತ ಇಟ್ಟದ್ದೋ, ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ಅವಳ ಅಂಗಡಿಯ ಕೆಳಗೇ ನನ್ನದು. ಕುಂಡ, ಗೊಬ್ಬರ, ಹೂವಿನ ಗಿಡ ಮಾರುತ್ತೇನೆ. ಅವಳ ಮಿಷನ್ನು ಓಡಿದರೆ ನನ್ನ ತಲೆಯ ಮೇಲೆ ಮಳೆ ಬಿದ್ದ ಹಾಗೆ ಸದ್ದು. ಸದ್ದು ನಿಂತಿತೆಂದರೆ ಒಂದೋ ಗಿರಾಕಿ ಬಂದಿದ್ದಾರೆ, ಇಲ್ಲವೇ ಅಕ್ಕ ಟೆರೇಸಿಗೆ ಹೋಗಿದ್ದಾಳೆ ಎಂದು ಅರ್ಥ.

ಟೆರೇಸಿನಲ್ಲಿ ಅವಳ ಗುಲಾಬಿ ಇದ್ದವು. ಮಾರುವವನಾಗಿ ಹೇಳುತ್ತೇನೆ, ಅಂಥ ಗಿರಾಕಿ ಸಿಗುವುದು ಪುಣ್ಯ, ಮತ್ತು ತಲೆನೋವು. ಗಿಡ ಆರಿಸಲು ಬರುವಾಗ ಕೈಯಲ್ಲಿ ನೂಲಿನ ರೀಲುಗಳು. ಹೂವಿನ ಎಸಳಿನ ಪಕ್ಕ ರೀಲು ಹಿಡಿದು ನೋಡುವಳು. "ಅಣ್ಣಾ, ಇದು ಕೆಂಪಲ್ಲ, ಇಟ್ಟಿಗೆ. ಇದನ್ನ ಕೆಂಪು ಅಂತ ನನ್ನ ತಲೆಗೆ ಕಟ್ಬೇಡಿ." ಒಮ್ಮೆ ಹಳದಿ ಗುಲಾಬಿಯೊಂದನ್ನು, ಬಿಸಿಲಿಗೆ ಬಣ್ಣ ಬಿಡುತ್ತದೆ ಅಂತ ವಾಪಸು ತಂದಳು. "ಒಗೆದ ಬಟ್ಟೆ ವಾಪಸು ತಗೊಳ್ಳೋದಿಲ್ಲ ಅಂತ ನಿಮ್ಮ ಅಂಗಡೀಲೇ ಬೋರ್ಡು ಹಾಕಿದ್ದೀರಲ್ಲಕ್ಕಾ" ಅಂದೆ. "ಅದು ಬಟ್ಟೆಗೆ" ಅಂದು ಕುಂಡ ಇಟ್ಟು ಹೋದಳು.

ಬೆಳಿಗ್ಗೆಯ ಬಿಸಿಲಿನಲ್ಲಿ ಒಂದು ಬಣ್ಣ, ಮೋಡದಡಿ ಇನ್ನೊಂದು, ಸಂಜೆಗೆ ಮತ್ತೊಂದು. ಮೂರೂ ಹೊತ್ತು ನೋಡಿ ಒಪ್ಪಿದ ಮೇಲೇ ಗಿಡ ಮೇಲೆ ಹತ್ತುತ್ತಿತ್ತು. ಟೆರೇಸಿನಲ್ಲಿ ಬಿಳಿಯಿಂದ ಶುರುವಾಗಿ ಕೆನೆ, ಹಳದಿ, ಕಿತ್ತಳೆ, ಕೆಂಪು, ಕೊನೆಗೆ ಕಪ್ಪಿಗೆ ಹತ್ತಿರದ ಕೆಂಪು, ರೀಲು ಜೋಡಿಸಿದ ಕಪಾಟಿನ ಹಾಗೆ. ವಾಸನೆಯ ವಿಷಯ ತೆಗೆದರೆ ಮಾತ್ರ ಮೂಗು ಮುರಿಯುವಳು: "ವಾಸನೆ ಬೇಕಿದ್ರೆ ಸೋಪು ತಗೊಳ್ಳಲಿ." ನನಗೂ ಅದೇ ಬೇಕಿತ್ತು. ಕಣ್ಣಿಗೆಂದು ಕೊಳ್ಳುವವರು ಬೀದಿ ತುಂಬ ಇದ್ದಾರೆ, ಮೂಗಿಗೆಂದು ಕೊಳ್ಳುವವರು ದಾರಿ ತಪ್ಪಿ ಬಂದವರು.

ಇಂಥ ಮನೆಗೆ ಅತ್ತೆ ಬಂದರು. ಗಂಡನ ತಾಯಿ. ಕಣ್ಣಿನ ನರ ಸೋತು, ಬೆಳಕು ಕತ್ತಲೆಯ ವ್ಯತ್ಯಾಸ ಬಿಟ್ಟರೆ ಬೇರೇನೂ ಕಾಣದ ಸ್ಥಿತಿಗೆ ಬಂದಿದ್ದರು. ಒಬ್ಬರೇ ಇರುವುದು ಬೇಡ ಎಂದು ಕಿರಿಯ ಮಗ, ಅಕ್ಕನ ಗಂಡ, ಕರೆತಂದ. ಅವನು ಕಾರ್ಖಾನೆಯೊಂದರ ಗೇಟಿನಲ್ಲಿ ಕೆಲಸ ಮಾಡುವ ಸಾಧು ಪ್ರಾಣಿ. ಹೆಂಡತಿಯ ಮುಂದೆ ಮಾತು, ತಾಯಿಯ ಮುಂದೆ ಉಸಿರು, ಎರಡೂ ಕಡಿಮೆ. ಅತ್ತೆಯ ಸಾಮಾನೆಂದರೆ ಒಂದು ಪೆಟ್ಟಿಗೆ, ಒಂದು ಕೋಲು, ಹಳೇ ಬಕೆಟ್ಟಿನಲ್ಲಿ ಒಂದು ಗುಲಾಬಿ ಗಿಡ.

ಗಿಡ ನೋಡಿ ಅಕ್ಕ ನನ್ನನ್ನು ಕರೆದಳು. ಮೈಯೆಲ್ಲ ಮುಳ್ಳು, ಎಲೆ ಒರಟು, ಕಡ್ಡಿಗಳು ಮಲಗಿ ಎದ್ದವರ ತಲೆಗೂದಲಿನ ಹಾಗೆ ದಿಕ್ಕಿಗೊಂದು.

"ಏನು ಬಣ್ಣ ಇದು, ಅತ್ತೆ?" ಎಂದು ಅಕ್ಕ ಕೇಳಿದಳು.

"ಗುಲಾಬಿ ಬಣ್ಣವೇ. ಸ್ವಲ್ಪ ಮಾಸಲು."

"ಮಾಸಲು ಅಂದ್ರೆ?"

"ನೂರು ಸಲ ಒಗೆದ ರವಿಕೆ ಹಾಗೆ ಅಂದ್ಕೋ. ಬಣ್ಣ ನೋಡ್ಬೇಡ ಹುಡುಗಿ. ಇದು ಅರಳಿದ ದಿನ ನೀನು ಮಿಷನ್ ನಿಲ್ಲಿಸಿ ಬರ್ತೀಯ."

ಅಕ್ಕನಿಗೆ ಐವತ್ತು ದಾಟಿತ್ತು. ಅವಳನ್ನು ಹುಡುಗಿ ಎಂದು ಕರೆಯುವವರು ಈ ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು. ಬಕೆಟ್ಟಿನ ಗಿಡವನ್ನು ದೊಡ್ಡ ಕುಂಡಕ್ಕೆ ದಾಟಿಸಿ ಟೆರೇಸಿನ ಮೂಲೆಯಲ್ಲಿ, ಬಣ್ಣದ ಸಾಲು ಕೆಡದ ಹಾಗೆ, ನೀರಿನ ಟ್ಯಾಂಕಿನ ಹಿಂದೆ ಇಟ್ಟಳು. ಕುಂಡ ನನ್ನ ಅಂಗಡಿಯದು, ಗಿಡ ನನ್ನದಲ್ಲ. ನನ್ನ ಅಂಗಡಿಯಿಂದ ಹೋಗದ ಗಿಡದ ಕ್ಷೇಮಸಮಾಚಾರ ನಾನು ವಿಚಾರಿಸುವುದಿಲ್ಲ.

ಅತ್ತೆ ಸೊಸೆಯ ಸಂಸಾರ ಎಂದರೆ ಮೇಲಿನ ಮಹಡಿಯಿಂದ ಪಾತ್ರೆ ಉರುಳುವ ಸದ್ದು ಕೇಳಿಸುತ್ತದೆ ಎಂದು ಕಾದಿದ್ದೆ. ಕೇಳಿಸಿದ್ದು ಬೇರೆ. ಅತ್ತೆಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಒಂದು ದಿನ ಸೊಸೆಯ ಮಿಷನ್ನಿನ ಪಕ್ಕ ಮಣೆ ಎಳೆದುಕೊಂಡು ಕೂತು, "ಕಾಜಾ ಕೊಡು" ಅಂದರು. ಕಾಜಾ ಎಂದರೆ ಗುಂಡಿ ತೂರಿಸುವ ತೂತಿನ ಸುತ್ತ ಕೈಯಲ್ಲಿ ಹಾಕುವ ಹೊಲಿಗೆ. ಕಣ್ಣಿದ್ದವರಿಗೇ ಕಣ್ಣೀರು ತರಿಸುವ ಕೆಲಸ. ಸೊಸೆ ಸೂಜಿಗೆ ನೂಲು ಪೋಣಿಸಿ ಕೊಟ್ಟಳು. ಅತ್ತೆಯ ಬೆರಳು ಅಂಚನ್ನು ಸವರಿ ಸವರಿ ಮುಂದೆ ಹೋಯಿತು. ಆ ಕಾಜಾ ಇವತ್ತಿಗೂ ಹರಿದಿಲ್ಲ. ನನ್ನ ಅಂಗಿಯಲ್ಲೇ ಇದೆ.

ಅಲ್ಲಿಂದ ಇಬ್ಬರ ಮಾತು ದಿನವಿಡೀ ಕೆಳಗೆ ಕೇಳುತ್ತಿತ್ತು.

"ಹುಡುಗಿ, ಈ ಬಟ್ಟೆ ಯಾರದು? ಇಷ್ಟು ಅಗಲ ಇದೆ."

"ಬ್ಯಾಂಕಿನವರದು ಅತ್ತೆ."

"ಬ್ಯಾಂಕಿನವರದಾ, ಬ್ಯಾಂಕಿನದಾ?"

ಆಮೇಲೆ ಇಬ್ಬರೂ ನಗುವುದು. ಅಕ್ಕ ನಗುವುದನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ.

ಆದರೆ ಗಿಡ ಹೂ ಬಿಡಲಿಲ್ಲ. ಬಿಸಿಲೇರುವ ಮುನ್ನಿನ ಹೂವಿನ ಕಾಲದಲ್ಲಿ ಅಕ್ಕನ ಸಾಲಿಗೆ ಸಾಲೇ ಹೊತ್ತಿ ಉರಿದ ಹಾಗೆ ಅರಳಿತು, ಟ್ಯಾಂಕಿನ ಹಿಂದಿನದು ಮಾತ್ರ ಎಲೆ ತೋರಿಸಿ ಕೂತಿತು. ಮಂಡಿನೋವಿನಿಂದ ಅತ್ತೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಆಗಾಗ ಕೇಳುವರು: "ಮೊಗ್ಗು?" "ಇಲ್ಲ ಅತ್ತೆ." ಮರು ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ನಂತರ ಅವರು ಕೇಳುವುದನ್ನು ಬಿಟ್ಟರು. ಕೇಳುವುದಕ್ಕಿಂತ ಅದು ಹೆಚ್ಚು ಚುಚ್ಚಿತು ಎಂದು ಅಕ್ಕನೇ ನನಗೆ ಹೇಳಿದ್ದು.

ಆ ಹೊತ್ತಿಗೆ ಹಿರಿಯ ಮಗನ ಫೋನು ಬರತೊಡಗಿತು. ಅಕ್ಕನಿಗೆ ಭಾವ. ಬೇರೆ ಊರಿನಲ್ಲಿ ದೊಡ್ಡ ಮನೆ, ಲಿಫ್ಟು, ನೋಡಿಕೊಳ್ಳಲು ಆಳು. "ಅಮ್ಮ ನನ್ನ ಹತ್ರ ಬರಲಿ." ಮೊದಲೆಲ್ಲ ಅತ್ತೆ ಹೂಂ ಉಹೂಂ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಕಾಜಾ ಹೊಲಿಯುತ್ತ ಹೊಲಿಯುತ್ತ, ತಲೆ ಎತ್ತದೆ ಹೇಳಿದರು: "ನನ್ನ ಗಿಡಕ್ಕೆ ಈ ಜಾಗ ಒಗ್ಗಲಿಲ್ಲ ಹುಡುಗಿ. ನಾನೂ ಹೊರಡ್ತೀನಿ. ಬೇಜಾರು ಮಾಡ್ಕೋಬೇಡ."

ಮಿಷನ್ನು ನಿಂತಿತು. ಗಿರಾಕಿ ಬಂದಿರಲಿಲ್ಲ, ಟೆರೇಸಿನ ಬಾಗಿಲ ಸದ್ದೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಕ್ಕ ನನ್ನ ಅಂಗಡಿ ಮುಂದೆ ನಿಂತಿದ್ದಳು.

"ಅಣ್ಣಾ, ವಾಸನೆ ಇರೋ ಗುಲಾಬಿ ಬೇಕು. ಮಾಸಲು ಬಣ್ಣದ್ದು. ಹೂ ಬಿಟ್ಟಿರೋದು."

"ಸೋಪು ಮುಗಿದೋಯ್ತಾ ಅಕ್ಕಾ?"

ಅವಳು ನಗಲಿಲ್ಲ. ವಿಷಯ ಗೊತ್ತಾಯಿತು: ಬೇರೆ ಗಿಡ ತಂದು ಅತ್ತೆಯದೇ ಅರಳಿದೆ ಅಂತ ಹೇಳುವ ಉಪಾಯ. ವ್ಯಾಪಾರಿಗೆ ಗಿರಾಕಿಯ ಉದ್ದೇಶ ಕೇಳುವ ಹಕ್ಕಿಲ್ಲ; ಇದ್ದರೂ ನಾನು ಬಳಸುವುದಿಲ್ಲ. ಮರುದಿನ ಬೆಳಿಗ್ಗೆ ಬನ್ನಿ ಎಂದೆ. ಇಬ್ಬನಿಯಲ್ಲಿ ಒದ್ದೆಯಾಗಿರುವಾಗ ಗುಲಾಬಿ ಬಾಯಿ ಬಿಡುವುದಿಲ್ಲ, ನಡುಹಗಲಿನಲ್ಲಿ ವಾಸನೆಯೆಲ್ಲ ಹಾರಿಹೋಗಿರುತ್ತದೆ. ಎಳೆ ಬಿಸಿಲು ತಾಗಿ ಎಸಳು ಸ್ವಲ್ಪ ಬೆಚ್ಚಗಾದ ಹೊತ್ತೇ ಸರಿ. ಪೂರ್ತಿ ಅರಳಿದ್ದು ಬೇಡ, ಮೊಗ್ಗೂ ಬೇಡ, ಅರೆ ಬಿರಿದದ್ದು ಬೇಕು. ನಾಲ್ಕಾರು ಹೂ ಮೂಸಿದರೆ ಮೂಗು ಸುಸ್ತಾಗಿ ಎಲ್ಲವೂ ಒಂದೇ ಅನ್ನಿಸುತ್ತದೆ, ಆಗ ನಮ್ಮ ಅಂಗಿಯ ತೋಳನ್ನೇ ಒಮ್ಮೆ ಮೂಸಿ ಮುಂದೆ ಹೋಗಬೇಕು.

ಅಕ್ಕ ಸಾಲಿನಲ್ಲಿ ಬಗ್ಗಿ ಬಗ್ಗಿ ಮೂಸಿದಳು. ದಟ್ಟ ಕೆಂಪಿನದೊಂದಕ್ಕೆ ಮಾಗಿದ ಹಣ್ಣಿನ ವಾಸನೆ. ತಿಳಿ ಹಳದಿಗೆ ಹೊಸದಾಗಿ ಡಬ್ಬ ತೆರೆದ ಚಹಾಪುಡಿಯ ವಾಸನೆ. ಬಿಳಿಯದೊಂದಕ್ಕೆ ನಿಂಬೆ ಸಿಪ್ಪೆಯದು. ಬೀದಿಯವರೆಲ್ಲ ಆಸೆಪಟ್ಟು ಒಯ್ಯುವ ಉರಿ ಕಿತ್ತಳೆಗೆ ಏನೂ ಇಲ್ಲ, ಕಾಗದ.

"ಇಷ್ಟು ವರ್ಷ ಇವು ಇಲ್ಲೇ ಇದ್ವಾ?" ಅಂದಳು.

"ಇಲ್ಲೇ ಇದ್ವು. ನೀವು ರೀಲು ಹಿಡ್ಕೊಂಡು ಬರ್ತಿದ್ರಿ."

ನಸುಗೆಂಪಿನದೊಂದು ಎಲ್ಲದಕ್ಕಿಂತ ಚೆನ್ನಾಗಿತ್ತು. ಅವಳು ಹಿಂದೆ ಸರಿದಳು. "ವಾಸನೆ ಸರಿ. ಬಣ್ಣ ಸ್ವಲ್ಪ ನೀಲಿಗೆ ಎಳೆಯುತ್ತೆ, ಅಲ್ವಾ?"

"ಅಕ್ಕಾ, ಕಣ್ಣು ಕಾಣದವರಿಗೆ ತಾನೇ ತೋರಿಸೋದು?"

"ನನಗೆ ಕಾಣುತ್ತಲ್ಲ" ಅಂದಳು. ಆದರೂ ಒಯ್ದಳು. ಚೌಕಾಸಿ ಮಾಡದೆ ಒಯ್ದದ್ದು ಅದೊಂದೇ ಸಲ. ಅವಳ ಕಷ್ಟ ಎಷ್ಟಿತ್ತೆಂದು ನನಗೆ ತಿಳಿದದ್ದು ಆಗ.

ಕುಂಡ ಹೊತ್ತವನು ನಾನೇ ಆದ್ದರಿಂದ ಮುಂದಿನದಕ್ಕೆ ನಾನೇ ಸಾಕ್ಷಿ. ಹೂ ಬಿಟ್ಟ ಗಿಡವನ್ನು ಅತ್ತೆಯ ಮುಂದಿಟ್ಟೆವು. "ಅತ್ತೇ, ನಿಮ್ಮ ಗಿಡ ಅರಳಿದೆ, ನೋಡಿ" ಅಂದಳು ಅಕ್ಕ. ದನಿ ಏರಿಸಿ ಹೇಳಿದ್ದರಲ್ಲೇ ಕಳ್ಳತನ ಇತ್ತು.

ಅತ್ತೆ ಬಗ್ಗಿ ಒಮ್ಮೆ ಉಸಿರೆಳೆದರು. "ತುಂಬಾ ಚೆನ್ನಾಗಿದೆ" ಅಂದರು. ಅಕ್ಕನ ಮುಖ ಅರಳಿತು. "ಯಾರದಿದು? ಅಂಗಡಿಯವರದಾ?"

ನಾನು ಗೋಡೆ ನೋಡಿದೆ. ಅಕ್ಕ ನೆಲ ನೋಡಿದಳು.

"ನನ್ನ ಕಣ್ಣು ಹೋಗಿರೋದು ಹುಡುಗಿ, ಮೂಗಲ್ಲ. ಇದು ನೆಂಟರ ಪೈಕಿ. ನನ್ನದು ಎಲ್ಲಿ? ಒಣಗಿಹೋಯ್ತಾ? ಸತ್ಯ ಹೇಳು, ನಾನೇನು ಅಳಲ್ಲ."

"ಇದೆ ಅತ್ತೆ, ಇದೆ! ಚೆನ್ನಾಗೇ ಇದೆ. ಹೂ ಮಾತ್ರ ಇಲ್ಲ."

"ಹಾಗಿದ್ರೆ ಮೇಲೆ ಕರ್ಕೊಂಡು ಹೋಗು."

ಮಂಡಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ನನ್ನ ಹೆಗಲು ಒಂದು ಕಡೆ ಸೊಸೆಯ ಹೆಗಲು ಒಂದು ಕಡೆ ಹಿಡಿದು ಅತ್ತೆ ಟೆರೇಸು ಹತ್ತಿದರು. ಟ್ಯಾಂಕಿನ ಹಿಂದೆ ಕೂತು ಗಿಡವನ್ನು ಬುಡದಿಂದ ಬೆರಳಲ್ಲಿ ಓದತೊಡಗಿದರು. ಮುಳ್ಳಿಗೆ ಅಂಜಲಿಲ್ಲ. ಒಂದು ಕಡ್ಡಿಯ ತುದಿಗೆ ಬಂದು ಬೆರಳು ನಿಂತಿತು. ಇನ್ನೊಂದರ ತುದಿಗೂ ನಿಂತಿತು. ಎಲ್ಲ ಕಡ್ಡಿಗಳ ತುದಿಯೂ ಓರೆಯಾಗಿ, ನುಣ್ಣಗೆ, ಒಂದೇ ಎತ್ತರಕ್ಕೆ.

"ಯಾರು ಕತ್ತರಿಸಿದ್ದು ಇದನ್ನ?"

"ನಾನೇ. ಚಳಿಗಾಲದಲ್ಲಿ ಎಲ್ಲಾ ಗುಲಾಬಿ ಸವರುವಾಗ ಇದನ್ನೂ ಸವರ್ತೀನಿ. ಅಂಕುಡೊಂಕಾಗಿತ್ತು, ಅಂಚು ಸರಿ ಮಾಡ್ದೆ."

"ಪ್ರತಿ ವರ್ಷ?"

"ತಪ್ಪದೆ" ಅಂದಳು ಅಕ್ಕ, ಇನ್ನೂ ಹೆಮ್ಮೆಯಿಂದ.

ಅತ್ತೆಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಟ್ಯಾಂಕಿಗೆ ಒರಗಿಕೊಂಡು. "ಅಯ್ಯೋ ಪುಣ್ಯಾತ್ಗಿತ್ತಿ! ನೀನು ಅಂಗಡಿಯಿಂದ ತಂದ ಗುಲಾಬಿಗಳು ಹೊಸ ಚಿಗುರಲ್ಲಿ ಹೂ ಬಿಡೋವು. ಕತ್ತರಿಸಿದಷ್ಟೂ ಚಿಗುರುತ್ವೆ, ಬಿಡ್ತಾವೆ. ಇದು ಹಳೇ ಕಾಲದ್ದು. ಹೋದ ವರ್ಷದ ಕಡ್ಡೀಲಿ, ವರ್ಷಕ್ಕೊಂದೇ ಸಲ ಬಿಡೋದು. ನೀನು ಪ್ರತಿ ಚಳಿಗಾಲ ಬರೋ ಹೂವನ್ನೆಲ್ಲ ಕತ್ತರಿಸಿ ಬಿಸಾಕಿದ್ದೀಯ. ನಾನು ಇಲ್ಲಿ ನೀರು ಹಿಡಿಸಲಿಲ್ಲ, ಮಣ್ಣು ಹಿಡಿಸಲಿಲ್ಲ, ಮನೆಗೇ ಬೇಡವಾಯ್ತೇನೋ ಅಂತ..."

ಅಕ್ಕ ಅತ್ತೆಯ ಪಕ್ಕ ನೆಲದ ಮೇಲೇ ಕೂತಳು. "ನನ್ನನ್ನ ಮೊದಲೇ ಕೇಳ್ಬಾರದಾ ಅತ್ತೆ?" "ನೀನು ಹೇಳ್ಬಾರದಾ?" ಎಂದು ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡರು. ನಾನು ಗೊಬ್ಬರದ ಗಿರಾಕಿ ಬಂದ ನೆಪ ಹೇಳಿ ಕೆಳಗಿಳಿದೆ.

ಭಾವನ ಜೊತೆ ಒಪ್ಪಂದವಾಯಿತು: ಮುಂದಿನ ಹೂವಿನ ಕಾಲದವರೆಗೆ ಅಮ್ಮ ಇಲ್ಲಿ. ಅಷ್ಟರಲ್ಲಿ ಗಿಡ ಅರಳಿದರೆ ಸರಿ, ಇಲ್ಲದಿದ್ದರೆ ಅವನು ಕಾರು ತರುತ್ತಾನೆ. ಷರತ್ತು ಹಾಕಿದ್ದು ಅತ್ತೆಯೇ. ಮನುಷ್ಯರ ಮಾತಿಗಿಂತ ಗಿಡದ ಮಾತನ್ನು ನಂಬುವ ಹೆಂಗಸು.

ಕತ್ತರಿಸಬೇಕಾದಾಗ ಕತ್ತರಿಸುವುದು ಯಾರಿಗಾದರೂ ಬರುತ್ತದೆ; ಕತ್ತರಿ ಅಕ್ಕ ಕತ್ತರಿಸದೆ ಇರುವುದನ್ನು ನೋಡಬೇಕಿತ್ತು. ಚಳಿ ಬಂತು. ಬೇರೆ ಗುಲಾಬಿಗಳನ್ನೆಲ್ಲ ಸವರಿದ ಮೇಲೆ ಅವಳು ಗಿಡದ ಕತ್ತರಿಯನ್ನು ತಂದು ನನ್ನ ಗಲ್ಲಾದ ಪಕ್ಕ ಇಟ್ಟಳು. "ಇದು ಇಲ್ಲೇ ಇರಲಿ ಅಣ್ಣಾ. ಮನೇಲಿದ್ರೆ ಕೈ ಸುಮ್ನಿರಲ್ಲ." ಇತ್ತ ಟ್ಯಾಂಕಿನ ಹಿಂದಿನ ಗಿಡ ಹೇಳುವವರು ಕೇಳುವವರು ಇಲ್ಲದೆ ಬೆಳೆಯಿತು. ಒಣಹಾಕಿದ ಬಟ್ಟೆ ಹಿಡಿದೆಳೆಯಿತು, ಗಂಡನ ಅಂಗಿಯ ಬೆನ್ನು ಸೀಳಿತು. ಅವನು ಹರಿದ ಅಂಗಿಯಲ್ಲೇ ಕೆಲಸಕ್ಕೆ ಹೋದ. ಹೊಲಿಯುವವಳ ಗಂಡನ ಅಂಗಿಗೆ ಸರದಿ ಬರುವುದು ಊರಿನ ಅಂಗಿಗಳೆಲ್ಲ ಮುಗಿದ ಮೇಲೆ.

ಬಿಸಿಲು ಹದಕ್ಕೆ ಬರುತ್ತಿದ್ದಂತೆ ಮೊಗ್ಗು ಕಂಡಿತು. ಒಂದಲ್ಲ, ಗೊಂಚಲು ಗೊಂಚಲು. ಅಕ್ಕ ಅತ್ತೆಗೆ ಹೇಳಲಿಲ್ಲ. ತಾನಾಗಿ ವಾಸನೆ ಬಂದು ಕರೆಯಲಿ ಎಂದು ಕುಂಡವನ್ನು ಮೆಟ್ಟಿಲ ಬಾಗಿಲಿಗೆ ಎಳೆದಿಟ್ಟಳು. ಭಾವನೂ ಬರುವ ದಿನ ತಿಳಿಸಿದ. ಎಲ್ಲವೂ ಅಳತೆಗೆ ಸರಿಯಾಗಿ ಕೂತಿತ್ತು. ಆಗ ಅತ್ತೆಗೆ ನೆಗಡಿಯಾಯಿತು.

"ಅಣ್ಣಾ, ಹೂ ಅರಳಿದೆ! ಅತ್ತೆ ಮೂಗು ಕಟ್ಟಿದೆ!" ಅಕ್ಕ ಅಂಗಡಿಯೊಳಗೇ ನುಗ್ಗಿ ಬಂದಳು, ಕೊರಳಲ್ಲಿ ಅಳತೆ ಟೇಪು ನೇತಾಡುತ್ತ. "ವರ್ಷಕ್ಕೊಂದು ಸಲ ಅರಳೋದು ಈಗಲೇ, ನೆಗಡಿ ಬರೋದೂ ಈಗಲೇ!"

"ಮುಟ್ಟಿ ನೋಡಲಿ ಅಕ್ಕಾ. ಹೂ ಇದೆ ಅಂತ ಗೊತ್ತಾಗುತ್ತಲ್ಲ."

"ಹೇಳ್ದೆ. ಏನಂದ್ರು ಗೊತ್ತಾ? 'ಮುಟ್ಟಿದ್ರೆ ಎಲ್ಲಾ ಗುಲಾಬಿನೂ ಒಂದೇ. ನೀನು ಒಂದ್ಸಲ ಬೇರೆ ಗಿಡ ತಂದು ನನ್ನ ತಲೆಗೆ ಕಟ್ಟೋಕೆ ನೋಡಿದವಳು' ಅಂದ್ರು."

ನ್ಯಾಯವಾದ ಮಾತು.

ಬಿಸಿನೀರಿನ ಹಬೆ ಕೊಡಿಸಿದಳು. ತಲೆಗೆ ಬಟ್ಟೆ ಸುತ್ತಿದಳು. ಔಷಧಿ ಅಂಗಡಿಗೆ ಗಂಡನನ್ನು ಓಡಿಸಿದಳು. ಅತ್ತೆ ಸೀನಿದಾಗಲೆಲ್ಲ ಮೇಲಿನಿಂದ "ಬಿಡ್ತಾ?" ಎಂಬ ದನಿ, ಉತ್ತರಕ್ಕೆ ಇನ್ನೊಂದು ಸೀನು. ಅಷ್ಟರಲ್ಲಿ ಮೊದಲ ಗೊಂಚಲು ಎಸಳು ಉದುರಿಸತೊಡಗಿತ್ತು. ಹೂವಿಗೆ ಕಾಯುವ ಅಭ್ಯಾಸವಿಲ್ಲ.

ಭಾವ ಹೇಳಿದ ದಿನಕ್ಕೇ ಬಂದ. ಒಳ್ಳೆ ಕೋಟು, ಒಳ್ಳೆ ಮನುಷ್ಯ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದು. ಪೆಟ್ಟಿಗೆ ಬಾಗಿಲಲ್ಲಿತ್ತು. ಅತ್ತೆ ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದರು, ಯಾರ ಕಡೆಗೂ ಮುಖ ಮಾಡದೆ.

"ಭಾವಾ, ಕೋಟಿನ ಗುಂಡಿ ಸಡಿಲ ಆಗಿದೆ. ಕೊಡಿ, ಒಂದು ಹೊಲಿಗೆ ಹಾಕ್ತೀನಿ" ಅಂದಳು ಅಕ್ಕ.

ಅವನು ಬಿಚ್ಚಿ ಕೊಟ್ಟ. ಸ್ವಲ್ಪ ಹೊತ್ತಾದ ಮೇಲೆ ಅವನು ಹೋಗಿ ನೋಡಿದರೆ ಕೋಟಿನ ಒಳಗಿನ ಅಸ್ತರು ಪೂರ್ತಿ ಬಿಚ್ಚಿ ಒಂದು ಕಡೆ, ತೋಳು ಒಂದು ಕಡೆ.

"ಇದೇನಮ್ಮಾ ಇದು?"

"ಒಳಗೆ ಹೊಲಿಗೆ ಎಲ್ಲಾ ಹೋಗಿತ್ತು ಭಾವಾ. ಯಾರು ಹೊಲಿದಿದ್ರೋ, ಪಾಪ. ಇವತ್ತು ಇದ್ದು ಹೋಗಿ, ನಾಳೆ ಬೆಳಿಗ್ಗೆಗೆ ಹೊಸದು ಮಾಡಿ ಕೊಡ್ತೀನಿ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಅಕ್ಕನಿಗೆ ಒಂದು ಬೆಳಗು ಸಿಕ್ಕಿದರೆ ಸಾಕಿತ್ತು.

ಮರುದಿನ ಅಂಗಡಿ ಬಾಗಿಲು ಎತ್ತುತ್ತಿದ್ದೆ, ಮೇಲಿನಿಂದ ಕರೆ ಬಂತು. ಹೋದರೆ ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ. ಮೂಗಿನ ಒಂದು ಹೊಳ್ಳೆ ಬಿಟ್ಟಿದೆಯಂತೆ. "ಒಂದೇ ಸಾಕು. ಇವಳ ಗುಲಾಬಿ ಎಲ್ಲಾ ಕಿತ್ತು ತರಲಿ. ಯಾವುದು ಯಾವುದು ಅಂತ ಹೇಳ್ಬಾರದು. ಅಂಗಡಿಯವರು ಒಂದೊಂದಾಗಿ ಕೊಡಲಿ. ಅವರಿಗೆ ಯಾರ ಮೇಲೂ ಪ್ರೀತಿ ಇಲ್ಲ."

ಬಟ್ಟಲಿನ ತುಂಬ ಹೂ ತಂದಳು ಅಕ್ಕ. ನಾನು ಮೊದಲು ಕೆಂಪನ್ನು ಹಿಡಿದೆ. ಅತ್ತೆ ಮೂಸಿ, "ಇದಕ್ಕೆ ಬಣ್ಣ ಜಾಸ್ತಿ ಇರ್ಬೇಕು. ಬೇರೇನೂ ಇಲ್ಲ." ಆಮೇಲೆ ನನ್ನ ಅಂಗಡಿಯ ನಸುಗೆಂಪು. "ಓ, ನೆಂಟರು! ಚೆನ್ನಾಗಿದ್ದೀರಾ?" ಭಾವ ನಕ್ಕ. ಅಕ್ಕ ನಗುವ ಸ್ಥಿತಿಯಲ್ಲಿರಲಿಲ್ಲ, ಬಾಗಿಲ ಚೌಕಟ್ಟು ಹಿಡಿದಿದ್ದಳು.

ಮಾಸಲು ಹೂವನ್ನು ಹಿಡಿದೆ. ಅದನ್ನು ಕೈಯಲ್ಲಿ ಹಿಡಿದಾಗ ನನಗೇ ಗೊತ್ತಾಯಿತು. ಹಣ್ಣಲ್ಲ, ಚಹಾ ಅಲ್ಲ. ಜೇನು, ಅದರ ಕೆಳಗೆ ಏನೋ ಖಾರ, ಲವಂಗದ ಹಾಗೆ. ಇಷ್ಟು ವರ್ಷ ನಾನು ಮಾರಿದ ಗುಲಾಬಿಗಳೆಲ್ಲ ಇದರ ಫೋಟೋ ಅನ್ನಿಸಿತು.

ಅತ್ತೆ ಒಮ್ಮೆ ಮೂಸಿದರು. ಕಟ್ಟಿದ ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಹಿಡಿದು ಮತ್ತೊಮ್ಮೆ ಮೂಸಿದರು. ಹೂವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಕೋಟು ಹೊಲಿದು ಮುಗೀತಾ ಹುಡುಗಿ?"

"ಮುಗೀತು ಅತ್ತೆ." ದನಿ ಸತ್ತುಹೋಗಿತ್ತು.

"ಅವನಿಗೆ ಕೊಟ್ಟು ಕಳಿಸು. ನನಗೆ ಒಪ್ಪಿಸಿರೋ ಕಾಜಾ ಇನ್ನೂ ಮುಗಿದಿಲ್ಲ." ಆಮೇಲೆ ಮಗನ ಕಡೆ ತಿರುಗಿ, "ಲಿಫ್ಟು ಮನೆ ಚೆನ್ನಾಗಿರುತ್ತೆ ಕಣೋ. ಬಂದು ನೋಡ್ತೀನಿ, ಹದಿನೈದು ದಿನ ಇದ್ದು ಬರ್ತೀನಿ. ಇರೋದು ಮಾತ್ರ ಇಲ್ಲಿ."

ಭಾವನ ಮುಖದಲ್ಲೂ ಭಾರ ಇಳಿದದ್ದು ಕಂಡೆ. ಕರ್ತವ್ಯ ಮಾಡಲು ಬಂದವನಿಗೆ ಯಾರಾದರೂ ಬೇಡ ಎಂದರೆ ಆಗುವ ಸಂತೋಷವೇ ಬೇರೆ. ಕೋಟು ತೊಟ್ಟು, ಎರಡು ಸಲ ತೋಳು ಮೇಲೆ ಕೆಳಗೆ ಆಡಿಸಿ, "ಮೊದಲಿಗಿಂತ ಚೆನ್ನಾಗಿದೆ" ಎಂದು ಹೊರಟ.

ನಾನು ಅವನನ್ನು ಕಳಿಸಿ ಬರುವಾಗ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. "ಅಬ್ಬಾ" ಎಂದು ಒಂದು ಉಸಿರು ಬಿಟ್ಟಳು. ವರ್ಷದಿಂದ ಹಿಡಿದಿಟ್ಟದ್ದೆಲ್ಲ ಅದರಲ್ಲಿ ಹೊರಬಂದ ಹಾಗಿತ್ತು. ಕಣ್ಣು ಒರೆಸಿಕೊಳ್ಳುತ್ತಿದ್ದಳು. ನೋಡದ ಹಾಗೆ ದಾಟಿಹೋಗಬಹುದಿತ್ತು, ನನ್ನ ನಾಲಗೆ ಬಿಡಲಿಲ್ಲ.

"ಅಷ್ಟೊಂದು ಬೇಕಾಗಿದ್ರಾ ಅಕ್ಕಾ, ಅತ್ತೆ?"

"ಕಾಜಾ ಯಾರು ಮಾಡ್ತಾರೆ ಅಣ್ಣಾ? ಈಗ ಆಳು ಸಿಗೋದು ಎಷ್ಟು ಕಷ್ಟ ಗೊತ್ತಾ ನಿಮಗೆ?" ಎಂದು ಮೂಗೆಳೆದುಕೊಂಡಳು.

"ಹುಡುಗೀ!" ಒಳಗಿನಿಂದ ದನಿ ಬಂತು. "ಪೆಟ್ಟಿಗೆ ಬಿಚ್ಚೋಕೆ ಬರ್ತೀಯೋ, ಅಂಗಡಿಯವರ ಹತ್ರ ಹರಟೆ ಹೊಡೀತಾ ಕೂತಿರ್ತೀಯೋ? ನನ್ನ ಬಾಚಣಿಗೆ ತಳದಲ್ಲಿದೆ!"

"ಬಂದೇ ಅತ್ತೇ, ಬಂದೆ" ಎಂದು ಅಕ್ಕ ಎದ್ದಳು.